ಗಾಳಿ ಜಾಸ್ತಿಯೋ, ಪೆಟ್ರೋಲ್ ಕಡಿಮೆಯೋ: ಲೀನ್ ಕೋಡ್ ಬಂದಾಗ ಎಲ್ಲಿಂದ ಹುಡುಕಬೇಕು?

ಇದು ಒಂದು ಉಪನ್ಯಾಸದ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.

ನಮಸ್ಕಾರ. ಇಲ್ಲಿ ಕೂತವರಲ್ಲಿ ಎಷ್ಟು ಜನ ಎಂಜಿನ್ ಲೈಟ್ ಬಂತು ಅಂತ ಆಕ್ಸಿಜನ್ ಸೆನ್ಸರ್ ಬದಲಾಯಿಸಿದ್ದೀರಿ? ಕೈ ಎತ್ತಿ, ನಾಚಿಕೆ ಬೇಡ. ನನ್ನ ಕೈಯೂ ಮೇಲೇ ಇದೆ.

ನನ್ನ ಕಾರಿನಲ್ಲಿ ಆ ಹಳದಿ ದೀಪ ಮೊದಲ ಸಲ ಹೊತ್ತಿಕೊಂಡಾಗ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸಾಧನ, ತೋರಿಸಿದ್ದು ಪಿ0171 ಅನ್ನುವ ಕೋಡ್. 'ಸಿಸ್ಟಮ್ ಟೂ ಲೀನ್, ಬ್ಯಾಂಕ್ 1'. ಅಂದರೆ ಎಂಜಿನ್ ಒಳಗೆ ಹೋಗುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ. ಇದನ್ನು ಕಂಡುಹಿಡಿಯುವುದು ಆಕ್ಸಿಜನ್ ಸೆನ್ಸರ್ ಅಂತ ಎಲ್ಲೋ ಓದಿದ್ದೆ. ಹಾಗಾದರೆ ಸೆನ್ಸರೇ ಕೆಟ್ಟಿರಬೇಕು ಅಂತ ತೀರ್ಮಾನ ಮಾಡಿ ಹೊಸದನ್ನು ಹಾಕಿದೆ. ಕೋಡ್ ಅಳಿಸಿದೆ. ದೀಪ ಆರಿತು. ನಾಲ್ಕು ದಿನ ಬೀಗುತ್ತಾ ಓಡಾಡಿದೆ. ಐದನೇ ದಿನ ದೀಪ ಮತ್ತೆ ಬಂತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗಾಗಿತ್ತು ನನ್ನ ರಿಪೇರಿ. ಕೊನೆಗೆ ಸಿಕ್ಕಿದ್ದು ಎಂಜಿನ್ ಒಳಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ ಹಿಂದೆ, ಕಣ್ಣಿಗೆ ಕಾಣದ ಜಾಗದಲ್ಲಿ ಬಿರುಕು ಬಿಟ್ಟಿದ್ದ ಒಂದು ರಬ್ಬರ್ ಪೈಪು. ಬೆರಳುದ್ದದ್ದು. ಹಾಗಾದರೆ ಆ ನಾಲ್ಕು ದಿನ ದೀಪ ಯಾಕೆ ಆರಿತ್ತು? ಇವತ್ತಿನ ಮಾತೆಲ್ಲ ಒಂದು ರೀತಿಯಲ್ಲಿ ಆ ಪ್ರಶ್ನೆಗೆ ಉತ್ತರವೇ.

ಮೊದಲು ಲೆಕ್ಕ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಸುಮಾರು 14.7 ಗ್ರಾಂ ಗಾಳಿ ಬೇಕು. ಗ್ರಾಂ ಲೆಕ್ಕದಲ್ಲಿ ಹೇಳಿದರೆ ಇದು ತಲೆಗೆ ಹೋಗುವುದಿಲ್ಲ. ಹೀಗೆ ನೋಡಿ: 1 ಲೀಟರ್ ಪೆಟ್ರೋಲ್ ಉರಿಸಲು ಹತ್ತಿರ ಹತ್ತಿರ 9,000 ಲೀಟರ್ ಗಾಳಿ ಬೇಕು. ಎಂಜಿನ್ ಅಂದರೆ ನಮಗೆ ಪೆಟ್ರೋಲ್ ಕುಡಿಯುವ ಯಂತ್ರ. ಆದರೆ ಅದು ನಿಜಕ್ಕೂ ಗಾಳಿ ಎಳೆಯುವ ಯಂತ್ರ, ಪೆಟ್ರೋಲ್ ಅದರ ಜೊತೆಗೆ ಚೂರೇ ಚೂರು. ಹಾಗಾಗಿ ಅಳೆಯಬೇಕಾದ ದೊಡ್ಡ ಬಾಬ್ತು ಗಾಳಿ. ಅಲ್ಲಿ ಅಳತೆ ತಪ್ಪಿದರೆ ಉಳಿದಿದ್ದೆಲ್ಲ ತಪ್ಪುತ್ತದೆ.

ಕಾರಿನ ಕಂಪ್ಯೂಟರ್, ಅಂದರೆ ಇಸಿಯು, ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲು ಒಳಗೆ ಬರುವ ಗಾಳಿಯನ್ನು ಅಳೆದು, ಇಷ್ಟು ಪೆಟ್ರೋಲ್ ಸಾಕು ಅಂತ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೆರೆಯುತ್ತದೆ. ಆಮೇಲೆ ಹೊಗೆ ಕೊಳವೆಯಲ್ಲಿ, ಅಂದರೆ ಎಕ್ಸಾಸ್ಟ್‌ನಲ್ಲಿ, ಕೂತಿರುವ ಆಕ್ಸಿಜನ್ ಸೆನ್ಸರ್ ಹತ್ತಿರ ಕೇಳುತ್ತದೆ: ಸರಿ ಇತ್ತಾ? ಈ ಸೆನ್ಸರ್ 1976ರಲ್ಲಿ ವೋಲ್ವೋ ಕಾರಿನಲ್ಲಿ ಮೊದಲು ಬಂತು, ಮಾಡಿದ್ದು ಬಾಷ್. ಹಳೆಯ ಮಾದರಿಯ ಸೆನ್ಸರ್ ಒಂದು ಚಿಕ್ಕ ಬ್ಯಾಟರಿಯ ಹಾಗೆ ವೋಲ್ಟೇಜ್ ಕೊಡುತ್ತದೆ. ಆಕ್ಸಿಜನ್ ಉಳಿದಿದ್ದರೆ 0.1 ವೋಲ್ಟ್ ಆಸುಪಾಸು, ಉಳಿದಿಲ್ಲದಿದ್ದರೆ 0.9 ವೋಲ್ಟ್ ಆಸುಪಾಸು. ನಡುವೆ 0.45 ಗಡಿ. ಆರೋಗ್ಯವಾಗಿರುವ ಎಂಜಿನ್‌ನಲ್ಲಿ ಇದು ಆ ಗಡಿಯನ್ನು ಹಿಂದೆ ಮುಂದೆ ದಾಟುತ್ತಾ ಇರುತ್ತದೆ.

ಒಂದು ಮಾತು ಗಮನಿಸಿ. ಈ ಸೆನ್ಸರ್‌ಗೆ ಪೆಟ್ರೋಲ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಆಕ್ಸಿಜನ್ ಒಂದೇ. ಆಕ್ಸಿಜನ್ ಕಂಡರೆ 'ಲೀನ್' ಅನ್ನುತ್ತದೆ. ಆ ಆಕ್ಸಿಜನ್ ಎಲ್ಲಿಂದ ಬಂತು ಅಂತ ಅದು ಹೇಳುವುದಿಲ್ಲ, ಹೇಳಲು ಆಗುವುದೂ ಇಲ್ಲ.

ಸೆನ್ಸರ್ ಲೀನ್ ಅಂದಾಗ ಇಸಿಯು ಸುಮ್ನೆ ಕೂರುವುದಿಲ್ಲ. ಪೆಟ್ರೋಲ್ ಸ್ವಲ್ಪ ಜಾಸ್ತಿ ಮಾಡುತ್ತದೆ. ಈ ತಿದ್ದುಪಡಿಗೆ ಫ್ಯೂಯೆಲ್ ಟ್ರಿಮ್ ಅಂತ ಹೆಸರು. ಕ್ಷಣಕ್ಷಣಕ್ಕೂ ಬದಲಾಗುವುದು ಶಾರ್ಟ್ ಟರ್ಮ್ ಟ್ರಿಮ್. ತಿದ್ದುಪಡಿ ದಿನವೂ ಒಂದೇ ಕಡೆಗೆ ಬೇಕಾಗುತ್ತಿದ್ದರೆ ಇಸಿಯು ಅದನ್ನು ಅಭ್ಯಾಸ ಮಾಡಿಕೊಳ್ಳುತ್ತದೆ, ಅದು ಲಾಂಗ್ ಟರ್ಮ್ ಟ್ರಿಮ್. ಎರಡನ್ನೂ ಕೂಡಿ ನೋಡಬೇಕು. ಲಾಂಗ್ ಪ್ಲಸ್ 17, ಶಾರ್ಟ್ ಪ್ಲಸ್ 8 ಇದ್ದರೆ ಒಟ್ಟು ಪ್ಲಸ್ 25 ಪರ್ಸೆಂಟ್. ಅಂದರೆ ಲೆಕ್ಕಕ್ಕಿಂತ ಕಾಲು ಭಾಗ ಜಾಸ್ತಿ ಪೆಟ್ರೋಲ್ ಸುರಿದರೆ ಮಾತ್ರ ಎಂಜಿನ್ ಸರಿಯಾಗಿ ಉರಿಯುತ್ತಿದೆ. ಸಾಮಾನ್ಯವಾಗಿ ಒಟ್ಟು 10 ಪರ್ಸೆಂಟ್ ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 20, 25 ದಾಟಿದರೆ, ಮಿತಿ ಒಂದೊಂದು ಕಾರಿಗೆ ಒಂದೊಂದು, ಇಸಿಯು ಕೈ ಚೆಲ್ಲುತ್ತದೆ.

ಆ ದೀಪದ ಅರ್ಥ ಅಷ್ಟೇ. ಇಂಥ ಭಾಗ ಕೆಟ್ಟಿದೆ ಅಂತ ಅಲ್ಲ. 'ನಾನು ಇಷ್ಟು ದಿನ ಸರಿದೂಗಿಸಿದೆ, ಇನ್ನು ನನ್ನ ಕೈಲಾಗುವುದಿಲ್ಲ' ಅಂತ. ಅದಕ್ಕೇ ತುಂಬ ಜನ "ಕಾರು ಚೆನ್ನಾಗೇ ಓಡುತ್ತಿದೆ, ದೀಪ ಮಾತ್ರ ಸುಳ್ಳು ಹೇಳುತ್ತಿದೆ" ಅನ್ನುತ್ತಾರೆ. ಕಾರು ಚೆನ್ನಾಗಿ ಓಡುತ್ತಿರುವುದೇ ಆ ತಿದ್ದುಪಡಿಯಿಂದ.

ನನ್ನ ನಾಲ್ಕು ದಿನದ ಗುಟ್ಟು ಈಗ ಬಿಚ್ಚಿಕೊಂಡಿತು, ಅಲ್ವಾ? ಕೋಡ್ ಅಳಿಸಿದಾಗ ಇಸಿಯು ಕಲಿತಿದ್ದ ಟ್ರಿಮ್ ಕೂಡ ಅಳಿಸಿಹೋಯಿತು. ಅದು ಮತ್ತೆ ಸೊನ್ನೆಯಿಂದ ಕಲಿಯಬೇಕು. ಕಲಿತು ಮಿತಿ ಮುಟ್ಟಿದ ಮೇಲೂ ತಕ್ಷಣ ದೀಪ ಹಚ್ಚುವುದಿಲ್ಲ. ಒಂದು ಓಡಾಟದಲ್ಲಿ ಕಂಡದ್ದು ಮುಂದಿನ ಓಡಾಟದಲ್ಲೂ ಕಂಡರೆ ಮಾತ್ರ ಹಚ್ಚುತ್ತದೆ. ನಾನು ಸಂಭ್ರಮಿಸಿದ್ದು ಹೊಸ ಸೆನ್ಸರ್‌ನ ಮಹಿಮೆಯನ್ನಲ್ಲ, ಇಸಿಯುವಿನ ಮರೆವನ್ನು.

ಈಗ ಅಸಲು ವಿಷಯ. ಲೀನ್ ಕೋಡ್ ಬಂದಾಗ ನಾವೆಲ್ಲ ಕೇಳುವುದು "ಯಾವ ಪಾರ್ಟ್ ಹೋಗಿದೆ?" ಅಂತ. ನನ್ನ ಪ್ರಕಾರ ಅದು ಮೂರನೆಯ ಪ್ರಶ್ನೆ. ಮೊದಲ ಪ್ರಶ್ನೆ: ಯಾವಾಗ ಲೀನ್ ಆಗುತ್ತಿದೆ? ಕಾರು ನಿಂತಲ್ಲೇ ಎಂಜಿನ್ ಗುರುಗುಟ್ಟುವಾಗಲೋ (ಇದಕ್ಕೆ ಐಡಲ್ ಅನ್ನುತ್ತಾರೆ), ವೇಗದಲ್ಲೋ, ಏರು ಹತ್ತುವಾಗಲೋ? ಇದಕ್ಕೆ ಉತ್ತರ ಸಿಕ್ಕರೆ ಎಲ್ಲಿ ಅನ್ನುವುದು ಅರ್ಧ ತಿಳಿದ ಹಾಗೆ. ಪಾರ್ಟ್ ಆಮೇಲೆ.

ಸ್ಕ್ಯಾನರ್ ಹಾಕಿ. ಚಿಕ್ಕ ಬ್ಲೂಟೂತ್ ಸ್ಕ್ಯಾನರ್ ಆದರೂ ಸಾಕು, ಟ್ರಿಮ್ ತೋರಿಸಿದರೆ ಆಯಿತು. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಐಡಲ್‌ನಲ್ಲಿ ಎರಡೂ ಟ್ರಿಮ್ ಬರೆದುಕೊಳ್ಳಿ. ಆಮೇಲೆ 2500 ಆರ್‌ಪಿಎಂಗೆ ಏರಿಸಿ ಅರ್ಧ ನಿಮಿಷ ಹಿಡಿದು ಮತ್ತೆ ಬರೆದುಕೊಳ್ಳಿ. ಇದಕ್ಕೆ ಐದು ನಿಮಿಷ ಸಾಕು. ಇದನ್ನು ಮಾಡದೆ ಸ್ಪ್ಯಾನರ್ ಮುಟ್ಟುವವರನ್ನು ನಾನು ನಂಬುವುದಿಲ್ಲ.

ಐಡಲ್‌ನಲ್ಲಿ ಪ್ಲಸ್ 25 ಇದ್ದು, 2500ರಲ್ಲಿ ಪ್ಲಸ್ 6ಕ್ಕೆ ಇಳಿಯಿತು ಅಂದುಕೊಳ್ಳಿ. ಇದು ಗಾಳಿ ಕಳ್ಳದಾರಿಯಲ್ಲಿ ಒಳನುಸುಳುವ ಬಿರುಕಿನ, ಅಂದರೆ ವ್ಯಾಕ್ಯೂಮ್ ಲೀಕ್‌ನ ಗುರುತು. ಯಾಕೆ ಅಂತ ಲೆಕ್ಕ ಮಾಡೋಣ. ಐಡಲ್‌ನಲ್ಲಿ ಎಂಜಿನ್ ಸೆಕೆಂಡಿಗೆ 3 ಗ್ರಾಂ ಗಾಳಿ ಎಳೆಯುತ್ತಿದೆ. ಅದರಲ್ಲಿ 0.6 ಗ್ರಾಂ ಬಿರುಕಿನಿಂದ ಕಳ್ಳದಾರಿಯಲ್ಲಿ ಬರುತ್ತಿದೆ. ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್, ನಾವು ಮ್ಯಾಫ್ ಅನ್ನುವುದು, ಕಂಡದ್ದು 2.4 ಗ್ರಾಂ ಮಾತ್ರ. ಪೆಟ್ರೋಲ್ ಸುರಿಯುವುದು ಆ 2.4ಕ್ಕೆ. ಕಾಣದ 0.6ಕ್ಕೆ ಕಾಲು ಭಾಗ ಜಾಸ್ತಿ ಪೆಟ್ರೋಲ್ ಬೇಕು. ಅದೇ ಪ್ಲಸ್ 25. ಈಗ 2500 ಆರ್‌ಪಿಎಂನಲ್ಲಿ 10 ಗ್ರಾಂ ಗಾಳಿ ಹೋಗುತ್ತಿದೆ. ಬಿರುಕು ಅಷ್ಟೇ ಇದೆ, 0.6 ಗ್ರಾಂ. 9.4ಕ್ಕೆ 0.6 ಅಂದರೆ 6 ಪರ್ಸೆಂಟ್ ಚಿಲ್ಲರೆ. ತೂತು ಮುಚ್ಚಿಲ್ಲ, ದೊಡ್ಡ ಹರಿವಿನಲ್ಲಿ ಅದು ಲೆಕ್ಕಕ್ಕೆ ಬರುತ್ತಿಲ್ಲ. ಇನ್ನು ಥ್ರಾಟಲ್ ಪೂರ್ತಿ ತೆರೆದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗೆ ಎಳೆತವೇ ಇರುವುದಿಲ್ಲ, ಬಿರುಕಿನಿಂದ ಗಾಳಿ ಬರುವುದೂ ನಿಲ್ಲುತ್ತದೆ.

ಇದಕ್ಕೆ ತಿರುಗಾಮುರುಗಾ ಇದ್ದರೆ? ಐಡಲ್‌ನಲ್ಲಿ ಸರಿ, ವೇಗ ಏರಿದಂತೆ, ಭಾರ ಬಿದ್ದಂತೆ ಟ್ರಿಮ್ ಮೇಲೇರುತ್ತದೆ. ಆಗ ಬಿರುಕು ಹುಡುಕುತ್ತಾ ಕೂರಬೇಡಿ. ಇದು ಪೆಟ್ರೋಲ್ ಪೂರೈಕೆ ಸಾಲದ ಲಕ್ಷಣ, ಇಲ್ಲವೇ ಮ್ಯಾಫ್ ಕಡಿಮೆ ಹೇಳುತ್ತಿರುವ ಲಕ್ಷಣ. ಐಡಲ್‌ನಲ್ಲಿ ಎಂಜಿನ್‌ಗೆ ಬೇಕಾಗುವುದು ಗಂಟೆಗೆ ಸುಮಾರು 1 ಲೀಟರ್ ಪೆಟ್ರೋಲ್. ಸುಸ್ತಾದ ಪಂಪ್ ಕೂಡ ಅಷ್ಟು ಕೊಡುತ್ತದೆ. ಪೂರ್ತಿ ಒತ್ತಿದಾಗ ಅದರ 20-30 ಪಟ್ಟು ಬೇಕು. ಪಂಪ್‌ನ ಬಂಡವಾಳ ಬಯಲಾಗುವುದು ಅಲ್ಲೇ.

ಎರಡೂ ಕಡೆ ಒಂದೇ ಸಮ ಜಾಸ್ತಿ ಇದ್ದರೆ ಸ್ವಲ್ಪ ಯೋಚಿಸಬೇಕು. ಇಂಧನದ ಒತ್ತಡ ಎಲ್ಲ ಹೊತ್ತೂ ಕಡಿಮೆ ಇರಬಹುದು, ಇಂಜೆಕ್ಟರ್‌ಗಳು ಕಟ್ಟಿರಬಹುದು. ಕೆಲವು ಸಲ ದೋಷವೇ ಇರುವುದಿಲ್ಲ. ಎಥನಾಲ್ ಬೆರೆತ ಪೆಟ್ರೋಲ್‌ಗೆ ಗಾಳಿ ಕಡಿಮೆ ಸಾಕು. 10 ಪರ್ಸೆಂಟ್ ಬೆರೆತರೆ 14.7 ಇದ್ದದ್ದು 14.1ರ ಆಸುಪಾಸಿಗೆ ಇಳಿಯುತ್ತದೆ. ಬರೀ ಪೆಟ್ರೋಲ್‌ಗೆ ಲೆಕ್ಕ ಹಾಕಿದ ಎಂಜಿನ್‌ನಲ್ಲಿ ಇದೊಂದೇ 4 ಪರ್ಸೆಂಟ್ ಟ್ರಿಮ್ ತಿನ್ನುತ್ತದೆ. ಇಷ್ಟರಿಂದ ದೀಪ ಬರುವುದಿಲ್ಲ. ಆದರೆ ಆಗಲೇ ಅಂಚಿನಲ್ಲಿ ನಿಂತ ಕಾರನ್ನು ಆಚೆಗೆ ತಳ್ಳಬಹುದು.

ಇಲ್ಲಿ ಒಬ್ಬರು ಎದ್ದು ಕೇಳಿದರು: "ನನ್ನ ಕಾರಿನಲ್ಲಿ ಪೈಪು ಪೂರ್ತಿ ಕಳಚಿಬಿದ್ದಿತ್ತು. ಐಡಲ್ ಜಾಸ್ತಿಯಾಯಿತು, ಆದರೆ ಲೀನ್ ಕೋಡ್ ಬರಲೇ ಇಲ್ಲ. ಯಾಕೆ?"

ಒಳ್ಳೆಯ ಪ್ರಶ್ನೆ. ನಾನು ಹಾರಿಸಿಬಿಡಬೇಕು ಅಂದುಕೊಂಡಿದ್ದೆ, ಬಿಡಲಿಲ್ಲ ನೀವು. ಎಲ್ಲ ಕಾರಿನಲ್ಲೂ ಮ್ಯಾಫ್ ಇರುವುದಿಲ್ಲ. ಕೆಲವು ಎಂಜಿನ್‌ಗಳು ಮ್ಯಾನಿಫೋಲ್ಡ್ ಒಳಗಿನ ಒತ್ತಡ ನೋಡಿ ಗಾಳಿಯನ್ನು ಅಂದಾಜು ಮಾಡುತ್ತವೆ. ಆ ಸೆನ್ಸರ್‌ಗೆ ಮ್ಯಾಪ್ ಅಂತ ಹೆಸರು. ಮ್ಯಾಫ್ ಬೇರೆ, ಮ್ಯಾಪ್ ಬೇರೆ. ಹೆಸರಿಟ್ಟವರಿಗೆ ಕರುಣೆ ಇರಲಿಲ್ಲ. ಮ್ಯಾಫ್ ಬಾಗಿಲಲ್ಲಿ ಕೂತ ಕಾವಲುಗಾರ, ಹಿತ್ತಲಿನಿಂದ ನುಗ್ಗಿದವರು ಅದಕ್ಕೆ ಕಾಣುವುದಿಲ್ಲ. ಮ್ಯಾಪ್ ಮನೆಯೊಳಗೇ ಕೂತಿದೆ. ಗಾಳಿ ಎಲ್ಲಿಂದ ಬಂದರೂ ಒತ್ತಡ ಏರುತ್ತದೆ, ಅದಕ್ಕೆ ತಕ್ಕ ಪೆಟ್ರೋಲ್ ಬೀಳುತ್ತದೆ. ಹಾಗಾಗಿ ಮಿಶ್ರಣ ಸುಮಾರಾಗಿ ಸರಿಯೇ ಇದ್ದು ಐಡಲ್ ಮಾತ್ರ ಏರುತ್ತದೆ. ನಿಮ್ಮ ಕಾರಿನಲ್ಲಿ ಆಗಿದ್ದು ಅದೇ ಇರಬೇಕು. ಅದಕ್ಕೇ ನಿಮ್ಮ ಎಂಜಿನ್‌ನಲ್ಲಿ ಯಾವುದಿದೆ ಅಂತ ಮೊದಲೇ ತಿಳಿದುಕೊಳ್ಳಿ. ಬರೀ ಮ್ಯಾಪ್ ಇರುವ ಕಾರಿನಲ್ಲಿ ಲೀನ್ ಕೋಡ್ ಬಂದರೆ ನಾನು ಬಿರುಕಿಗಿಂತ ಮೊದಲು ಪೆಟ್ರೋಲ್ ಕಡೆ ನೋಡುತ್ತೇನೆ.

ಟ್ರಿಮ್ ಜೊತೆಗೆ ನೋಡಬೇಕಾದ ಇನ್ನೊಂದು ಫ್ರೀಜ್ ಫ್ರೇಮ್. ಕೋಡ್ ದಾಖಲಾದ ಆ ಕ್ಷಣದ ಫೋಟೋ ಇದ್ದ ಹಾಗೆ ಅದು: ಆರ್‌ಪಿಎಂ ಎಷ್ಟು, ವೇಗ ಎಷ್ಟು, ಎಂಜಿನ್ ಬಿಸಿ ಎಷ್ಟು. ಕೋಡ್ ಅಳಿಸಿದರೆ ಇದೂ ಹೋಗುತ್ತದೆ. ಹಾಗಾಗಿ ಮೊದಲು ಇದನ್ನು ಬರೆದಿಟ್ಟುಕೊಳ್ಳಿ. ಅಲ್ಲಿ ಎಂಜಿನ್ ತಣಿಸುವ ದ್ರವದ, ಅಂದರೆ ಕೂಲೆಂಟ್‌ನ ಬಿಸಿ ಕಡಿಮೆ ಇದ್ದರೆ ನನಗೆ ಕಿವಿ ನೆಟ್ಟಗಾಗುತ್ತದೆ. ತಣ್ಣಗಿರುವಾಗ ಗ್ಯಾಸ್ಕೆಟ್, ಅಂದರೆ ಎರಡು ಭಾಗಗಳ ನಡುವಿನ ಸಂದು ಮುಚ್ಚುವ ಪಟ್ಟಿ, ಕುಗ್ಗಿರುತ್ತದೆ, ಸಂದು ಬಿಟ್ಟುಕೊಂಡಿರುತ್ತದೆ. ಬಿಸಿಯಾದರೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಅಂಥ ಕಾರನ್ನು ಓಡಿಸಿಕೊಂಡು ಹೋಗಿ ಮೆಕ್ಯಾನಿಕ್ ಮುಂದೆ ನಿಲ್ಲಿಸಿದರೆ ಲೀಕ್ ಎಲ್ಲಿ ಸಿಗಬೇಕು? ರಾತ್ರಿಯೆಲ್ಲ ಅಲ್ಲೇ ನಿಲ್ಲಿಸಿ, ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ನೋಡಬೇಕು.

ವಿ ಆಕಾರದ ಎಂಜಿನ್ ಇದ್ದವರಿಗೆ ಒಂದು ಸುಲಭದ ಸುಳಿವಿದೆ. ಅಲ್ಲಿ ಸಿಲಿಂಡರ್‌ಗಳು ಎರಡು ಸಾಲು. ಒಂದನೇ ಸಿಲಿಂಡರ್ ಇರುವ ಸಾಲು ಬ್ಯಾಂಕ್ 1, ಇನ್ನೊಂದು ಬ್ಯಾಂಕ್ 2, ಅದರ ಕೋಡ್ ಪಿ0174. ಎರಡೂ ಬಂದಿದ್ದರೆ ಎರಡಕ್ಕೂ ಸೇರಿದ್ದನ್ನು ನೋಡಿ: ಮ್ಯಾಫ್, ಪಂಪ್, ಥ್ರಾಟಲ್ ಹತ್ತಿರದ ಪೈಪು. ಒಂದೇ ಬಂದಿದ್ದರೆ ಆ ಸಾಲಿನ ಗ್ಯಾಸ್ಕೆಟ್, ಇಂಜೆಕ್ಟರ್, ಸೆನ್ಸರ್.

ಇನ್ನು ಲೀಕ್ ಹುಡುಕುವುದು. ನನಗೆ ತುಂಬ ಇಷ್ಟದ ಕೆಲಸ ಇದು. ಮೊದಲು ಬರೀ ಕಿವಿ. ಎಂಜಿನ್ ಐಡಲ್‌ನಲ್ಲಿ ಇರುವಾಗ ಬಾನೆಟ್ ತೆರೆದು ನಿಂತರೆ ಸಣ್ಣ ಸಿಳ್ಳೆ ಕೇಳಿಸುತ್ತದೆ ಕೆಲವು ಸಲ. ಆಮೇಲೆ ಕೈ. ಪ್ರತಿ ರಬ್ಬರ್ ಪೈಪನ್ನೂ ಬಗ್ಗಿಸಿ ನೋಡಿ. ಬಿರುಕು ಯಾವಾಗಲೂ ಕೆಳಗಡೆ, ಮೊಣಕೈ ತಿರುವಿನ ಒಳಭಾಗದಲ್ಲೇ ಇರುತ್ತದೆ, ಅದೇನು ಹಟವೋ. ಏರ್ ಫಿಲ್ಟರ್‌ನಿಂದ ಥ್ರಾಟಲ್‌ಗೆ ಹೋಗುವ ದಪ್ಪ ರಬ್ಬರ್ ಕೊಳವೆಯ ಮಡಿಕೆಗಳನ್ನು ಎಳೆದು ಬಿಡಿಸಿ ನೋಡಿ. ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬ್ರೇಕ್ ಬೂಸ್ಟರ್‌ನ ಪೈಪು ನೋಡಿ. ಬ್ರೇಕ್ ಒತ್ತಿದಾಗ ಎಂಜಿನ್ ಸದ್ದು ಬದಲಾದರೆ ಅಲ್ಲೇ ಅನುಮಾನ.

ಪಿಸಿವಿ ಬಗ್ಗೆ ಎರಡು ಮಾತು. ಎಂಜಿನ್ ಆಯಿಲ್ ಇರುವ ಗುಂಡಿಯಲ್ಲಿ ಸೇರುವ ಆವಿಯನ್ನು ಮತ್ತೆ ಉರಿಸಲು ಎಳೆದುಕೊಳ್ಳುವ ದಾರಿ ಅದು. ಹೊಸ ಎಂಜಿನ್‌ಗಳಲ್ಲಿ ಇದರೊಳಗೆ ಒಂದು ತೆಳು ರಬ್ಬರ್ ಪರದೆ ಇರುತ್ತದೆ. ಅದು ಹರಿದರೆ ಹೊರಗಿನಿಂದ ಏನೂ ಕಾಣದು. ಐಡಲ್‌ನಲ್ಲಿ ಆಯಿಲ್ ಮುಚ್ಚಳ ತೆಗೆಯಲು ನೋಡಿ. ಯಾರೋ ಒಳಗಿನಿಂದ ಹಿಡಿದುಕೊಂಡ ಹಾಗೆ ಬಿಗಿಯಾಗಿದ್ದರೆ ಪರದೆ ಹೋಗಿರಬಹುದು. ಪರ್ಜ್ ವಾಲ್ವ್ ಕೂಡ ಹೀಗೆಯೇ. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಬೇಕಾದಾಗ ಮಾತ್ರ ಎಂಜಿನ್‌ಗೆ ಬಿಡುವ ವಾಲ್ವ್ ಅದು. ತೆರೆದುಕೊಂಡೇ ಸಿಕ್ಕಿಹಾಕಿಕೊಂಡರೆ ಸದಾ ಗಾಳಿ ಎಳೆಯುತ್ತದೆ. ಪೆಟ್ರೋಲ್ ತುಂಬಿಸಿದ ತಕ್ಷಣ ಸ್ಟಾರ್ಟ್ ಆಗಲು ಕಾರು ರಗಳೆ ಮಾಡಿದರೆ ಇದನ್ನು ನೆನಪಿಸಿಕೊಳ್ಳಿ. ಟ್ಯಾಂಕ್ ಕಡೆಯಿಂದ ಬರುವ ಪೈಪನ್ನು ಕಳಚಿ, ವಾಲ್ವ್ ಬಾಯಿಗೆ ಬೆರಳಿಟ್ಟರೆ ತಣ್ಣಗಿನ ಎಂಜಿನ್‌ನ ಐಡಲ್‌ನಲ್ಲಿ ಎಳೆತ ಇರಬಾರದು.

ಬೆರಳಿಗೂ ಕಿವಿಗೂ ಸಿಗದ ಲೀಕ್‌ಗೆ ಹೊಗೆ ಯಂತ್ರ. ಎಂಜಿನ್ ನಿಲ್ಲಿಸಿ, ಒಳಗೆ ತೀರಾ ಕಡಿಮೆ ಒತ್ತಡದಲ್ಲಿ ಹೊಗೆ ತುಂಬುತ್ತಾರೆ. ತೂತಿದ್ದಲ್ಲಿ ಹೊಗೆ ಎಳೆಯಾಗಿ ಏಳುತ್ತದೆ. ಇದಕ್ಕಿಂತ ಖಚಿತವಾದ ದಾರಿ ನನಗೆ ಗೊತ್ತಿಲ್ಲ. ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಐಡಲ್ ಏರುತ್ತಾ ನೋಡುವುದು ಹಳೆಯ ಪದ್ಧತಿ. ಕೆಲಸವೇನೋ ಮಾಡುತ್ತದೆ. ಆದರೆ ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಬೆಂಕಿ ಹತ್ತುವ ದ್ರವ ಚಿಮುಕಿಸುವುದು ಅಂದರೆ ಏನು ಅಂತ ನೀವೇ ಯೋಚಿಸಿ. ನಾನು ಬಿಟ್ಟುಬಿಟ್ಟೆ.

ಮ್ಯಾಫ್ ಪರೀಕ್ಷೆ ಸುಲಭ. ಬಿಸಿಯಾದ ಎಂಜಿನ್ ಐಡಲ್‌ನಲ್ಲಿ ತನ್ನ ಗಾತ್ರದ ಪ್ರತಿ ಲೀಟರ್‌ಗೆ ಸೆಕೆಂಡಿಗೆ ಸುಮಾರು 1 ಗ್ರಾಂ ಗಾಳಿ ಎಳೆಯುತ್ತದೆ ಅನ್ನುವುದು ಗ್ಯಾರೇಜ್ ಲೆಕ್ಕ. 2 ಲೀಟರ್ ಎಂಜಿನ್‌ಗೆ 2, 2.5 ಇದ್ದರೆ ಸರಿ. 1.2 ತೋರಿಸಿದರೆ ಒಂದೋ ಮ್ಯಾಫ್ ಕಡಿಮೆ ಹೇಳುತ್ತಿದೆ, ಇಲ್ಲವೇ ಗಾಳಿ ಬೇರೆ ದಾರಿಯಲ್ಲಿ ಹೋಗುತ್ತಿದೆ. ಮ್ಯಾಫ್ ಒಳಗಿರುವುದು ಬಿಸಿ ತಂತಿ. ಗಾಳಿ ಎಷ್ಟು ತಣಿಸುತ್ತದೆ ಅನ್ನುವುದರ ಮೇಲೆ ಅದರ ಲೆಕ್ಕ. ತಂತಿಗೆ ದೂಳು ಮೆತ್ತಿಕೊಂಡರೆ ಕಂಬಳಿ ಹೊದ್ದ ಹಾಗೆ, ತಣಿಯುವುದು ಕಡಿಮೆ, ಲೆಕ್ಕವೂ ಕಡಿಮೆ. ಎಣ್ಣೆ ಸವರಿದ ಏರ್ ಫಿಲ್ಟರ್ ಹಾಕಿದವರಿಗೆ ಈ ತೊಂದರೆ ಜಾಸ್ತಿ. ತೊಳೆಯಲು ಮ್ಯಾಫ್‌ಗೆಂದೇ ಇರುವ ಕ್ಲೀನರ್ ಬಳಸಿ, ತಂತಿ ಮುಟ್ಟಬೇಡಿ, ಪೂರ್ತಿ ಒಣಗಿದ ಮೇಲೆ ಹಾಕಿ.

ಪೆಟ್ರೋಲ್ ಕಡೆಗೆ ಗೇಜ್ ಬೇಕು. ಮ್ಯಾನಿಫೋಲ್ಡ್‌ಗೆ ಪೆಟ್ರೋಲ್ ಚಿಮ್ಮಿಸುವ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡ ಇರುತ್ತದೆ. ನಿಮ್ಮ ಕಾರಿನದು ಮ್ಯಾನ್ಯುಯಲ್‌ನಲ್ಲಿ ನೋಡಿ. ನಿಂತಲ್ಲಿ ಸರಿ ಇದ್ದರೆ ಸಾಲದು, ಭಾರ ಬಿದ್ದಾಗಲೂ ನಿಲ್ಲಬೇಕು. ಗೇಜ್ ಇಲ್ಲದಿದ್ದರೆ ಹಳೆಯ ಮಾದರಿ ಸೆನ್ಸರ್ ಇರುವ ಕಾರಿನಲ್ಲಿ ಒಂದು ಉಪಾಯವಿದೆ. ಸುರಕ್ಷಿತ ಜಾಗದಲ್ಲಿ ಬೇರೆಯವರು ಓಡಿಸುತ್ತಾ ಪೂರ್ತಿ ಒತ್ತಲಿ, ನೀವು ಸೆನ್ಸರ್ ವೋಲ್ಟೇಜ್ ನೋಡಿ. ಆಗ ಅದು 0.8 ಮೇಲೇ ಇರಬೇಕು. ಕೆಳಗೆ ಕುಸಿದು ಅಲ್ಲೇ ಕೂತರೆ ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ. ಹೊಸ ವೈಡ್‌ಬ್ಯಾಂಡ್ ಸೆನ್ಸರ್‌ಗಳ ಅಂಕಿ ಬೇರೆ, ಅಲ್ಲಿಗೆ ಈ ಲೆಕ್ಕ ಹಾಕಬೇಡಿ.

ಹಾಗಾದರೆ ಆಕ್ಸಿಜನ್ ಸೆನ್ಸರ್ ಸುಳ್ಳೇ ಹೇಳುವುದಿಲ್ಲವೇ? ಹೇಳುತ್ತದೆ, ಅಪರೂಪಕ್ಕೆ. ಅದಕ್ಕಿಂತ ಜಾಸ್ತಿ ನಡೆಯುವುದು ಅದು ಮೋಸ ಹೋಗುವುದು. ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್‌ನಲ್ಲಿ ಸಣ್ಣ ಬಿರುಕಿದ್ದರೆ, ಹೊಗೆಯ ಒಂದೊಂದು ಬಡಿತದ ನಡುವೆ ಹೊರಗಿನ ಗಾಳಿ ಒಳಗೆ ನುಸುಳುತ್ತದೆ. ಒಂದು ಸಿಲಿಂಡರ್ ಉರಿಯದೆ ಹೋದರೆ ಅದರ ಆಕ್ಸಿಜನ್ ಹಾಗೇ ಹೊರಬರುತ್ತದೆ. ಎರಡರಲ್ಲೂ ಸೆನ್ಸರ್ ಆಕ್ಸಿಜನ್ ಕಂಡು ಲೀನ್ ಅನ್ನುತ್ತದೆ. ಅದು ಕಂಡದ್ದು ನಿಜವೇ. ಸೆನ್ಸರನ್ನೇ ಪರೀಕ್ಷಿಸಬೇಕಾದರೆ ಗ್ಯಾರೇಜ್‌ನಲ್ಲಿ ಇನ್‌ಟೇಕ್‌ಗೆ ಸ್ವಲ್ಪ ಪ್ರೊಪೇನ್ ಬಿಡುತ್ತಾರೆ. ವೋಲ್ಟೇಜ್ ತಟ್ಟನೆ ಮೇಲೆ ಹಾರಿದರೆ ಸೆನ್ಸರ್ ಬದುಕಿದೆ. ನಾನು ಕಿತ್ತು ಹಾಕಿದ ಸೆನ್ಸರ್‌ಗೆ ಈ ಪರೀಕ್ಷೆ ಮಾಡಿದ್ದರೆ ಎರಡು ನಿಮಿಷದಲ್ಲಿ ಪಾಸಾಗುತ್ತಿತ್ತು.

ಕೊನೆಗೆ ಒಬ್ಬರು ಕೇಳಿದ್ದು: "ದೀಪ ಬಂದಾಗ ಕಾರು ಓಡಿಸಬಹುದಾ?" ದೀಪ ಸುಮ್ನೆ ಉರಿಯುತ್ತಿದ್ದು ಕಾರು ಸಲೀಸಾಗಿದ್ದರೆ ಕೆಲವು ದಿನ ನಿಧಾನವಾಗಿ ಓಡಿಸಬಹುದು. ಜೋರಾಗಿ ಒತ್ತಬೇಡಿ. ಏರಿನಲ್ಲಿ ಟಕಟಕ ಸದ್ದು ಬಂದರೆ, ಎಳೆಯದೆ ಮುಗ್ಗರಿಸಿದರೆ ಮುಂದೂಡಬೇಡಿ, ಭಾರ ಹೊತ್ತಾಗಿನ ಲೀನ್ ಮಿಶ್ರಣ ಎಂಜಿನ್ ತಿನ್ನುತ್ತದೆ. ದೀಪ ಮಿನುಗುತ್ತಿದ್ದರೆ ಮಾತ್ರ ಬದಿಗೆ ನಿಲ್ಲಿಸಿ. ಅದು ಮಿಸ್‌ಫೈರ್, ಅಂದರೆ ಸಿಲಿಂಡರ್ ಉರಿಯದೆ ಹೋಗುತ್ತಿರುವ ಸೂಚನೆ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿದು ಅದನ್ನೇ ಸುಟ್ಟುಬಿಡುತ್ತದೆ.

ಅವರದೇ ಎರಡನೇ ಪ್ರಶ್ನೆ: "ರಿಪೇರಿ ಆಯಿತು ಅಂತ ಹೇಗೆ ಗೊತ್ತಾಗುತ್ತದೆ?" ದೀಪ ಆರಿದ್ದನ್ನು ನಂಬಬೇಡಿ, ನನ್ನ ನಾಲ್ಕು ದಿನ ನೆನಪಿರಲಿ. ಫ್ರೀಜ್ ಫ್ರೇಮ್ ಬರೆದಿಟ್ಟುಕೊಂಡಿದ್ದೀರಲ್ಲ, ಅದೇ ಬಿಸಿಯಲ್ಲಿ, ಅದೇ ವೇಗದಲ್ಲಿ ಕಾರು ಓಡಿಸಿ. ಟ್ರಿಮ್ ಬರೆದುಕೊಳ್ಳಿ. ಮೂರು ದಿನ ಬಿಟ್ಟು ಮತ್ತೆ ಬರೆದುಕೊಳ್ಳಿ, ವಾರ ಬಿಟ್ಟು ಇನ್ನೊಮ್ಮೆ. ಆ ಪೈಪು ಬದಲಾಯಿಸಿದ ಮೇಲೆ ನನ್ನ ಕಾರಿನ ಲಾಂಗ್ ಟರ್ಮ್ ಐಡಲ್‌ನಲ್ಲಿ ಪ್ಲಸ್ 3ಕ್ಕೆ ಬಂದು ಅಲ್ಲೇ ನಿಂತಿತು. ನಿಮ್ಮದು ದಿನಕ್ಕೆ ಎರಡೆರಡು ಏರುತ್ತಿದ್ದರೆ ಬಾನೆಟ್ ಮತ್ತೆ ತೆರೆಯಿರಿ, ಇನ್ನೊಂದು ತೂತು ಇದೆ.